ಮೆಂತ್ಯದ ಡಬ್ಬಿಯ ಹುಡುಗಿ: ದೊಡ್ಡವರ ಕಾದಂಬರಿಯಲ್ಲಿ ಒಂದು ಮಗುವಿನ ಪಾತ್ರ

ಹಿನ್ನೆಲೆ

ಪ್ರಕಟಣೆಗೆ ಮೊದಲು ಹಸ್ತಪ್ರತಿ ಓದಿ, ಬರೆದವರ ಜೊತೆ ಕೂತು ತಿದ್ದುವುದು ನನ್ನ ಕೆಲಸ. ಅಂಥ ಒಂದು ಕಾದಂಬರಿಯ ವಿಷಯ ಇಲ್ಲಿ ಬರೆಯುತ್ತಿದ್ದೇನೆ. ಲೇಖಕಿಯ ಹೆಸರು, ಪುಸ್ತಕದ ಹೆಸರು ಹೇಳುವುದಿಲ್ಲ. ಪಾತ್ರಗಳ ಹೆಸರು ಬದಲಿಸಿದ್ದೇನೆ, ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನೂ ಬದಲಿಸಿದ್ದೇನೆ. ಬರೆದದ್ದನ್ನು ಲೇಖಕಿಗೆ ತೋರಿಸಿ, ಅವರು ಒಪ್ಪಿದ ಮೇಲೆಯೇ ಪ್ರಕಟಿಸುತ್ತಿದ್ದೇನೆ.

ಲೇಖಕಿ ಹಲವು ವರ್ಷಗಳಿಂದ ಸಣ್ಣಕಥೆ ಬರೆಯುತ್ತ ಬಂದವರು. ಇದು ಅವರ ಮೊದಲ ಕಾದಂಬರಿ. ತಿಪಟೂರಿನ ಕಡೆಯ ಒಂದು ಕೊಬ್ಬರಿ ವ್ಯಾಪಾರದ ಮನೆ. ಕಾಯಿಯನ್ನು ಅಟ್ಟಕ್ಕೆ ಹಾಕಿ, ತಿಂಗಳುಗಟ್ಟಲೆ ಕಾದು, ನೀರು ಇಂಗಿ ಒಳಗಿನ ಉಂಡೆ ಗಡಗಡ ಉರುಳುವ ಹೊತ್ತಿಗೆ ಇಳಿಸಿ ಒಡೆದು ಮಾರ್ಕೆಟ್ಟಿಗೆ ಒಯ್ಯುವ ಮನೆತನ. ಕಥೆ ಶುರುವಾಗುವುದು 2016ರ ನವೆಂಬರ್ 8ರ ರಾತ್ರಿ. ಟಿವಿಯಲ್ಲಿ ಪ್ರಧಾನಿಯವರ ಭಾಷಣ, 500 ಮತ್ತು 1000ದ ನೋಟು ಮಧ್ಯರಾತ್ರಿಯಿಂದ ಚಲಾವಣೆಯಲ್ಲಿಲ್ಲ. ಅಪ್ಪ ಶಿವಣ್ಣನ ಗಲ್ಲಾಪೆಟ್ಟಿಗೆಯಲ್ಲಿ ಕೊಬ್ಬರಿ ಮಾರಿದ ನಗದು. ಅಮ್ಮ ಜಯಮ್ಮನ ಅಡುಗೆಮನೆಯಲ್ಲಿ ಗಂಡನಿಗೆ ಗೊತ್ತಿಲ್ಲದ 38,000 ರೂಪಾಯಿ, ತವರಿನ ತಂಗಿಯ ಓದಿಗೆಂದು ವರ್ಷಗಟ್ಟಲೆ ಉಳಿಸಿದ್ದು. ಆ ದುಡ್ಡು ಬಯಲಾಗುವುದೇ ಕಾದಂಬರಿಯ ಬೆನ್ನೆಲುಬು. ಆ ವರ್ಷ ಎಷ್ಟೋ ಮನೆಗಳಲ್ಲಿ ಹೆಂಗಸರ ಗುಟ್ಟಿನ ದುಡ್ಡು ಹೀಗೆ ಹೊರಬಿತ್ತು. ಡಿಸೆಂಬರ್ 30ರೊಳಗೆ ಬ್ಯಾಂಕಿಗೆ ಕಟ್ಟಲೇಬೇಕು, ಕಟ್ಟಲು ಹೋದರೆ ಇದೆಲ್ಲಿಂದ ಬಂತು ಎಂಬ ಪ್ರಶ್ನೆ ಮನೆಯಲ್ಲೇ ಏಳುತ್ತದೆ.

ಈ ಮನೆಯಲ್ಲಿ ಎರಡನೇ ಕ್ಲಾಸಿನ ಮಗಳು ಸಿಂಚನ ಇದ್ದಾಳೆ, ಏಳು ವರ್ಷ. ಅವಳ ತಮ್ಮ ಪುನಿಗೆ ಮೂರು ತುಂಬಿದೆ. ಅಧ್ಯಾಯಗಳು ಸರದಿಯ ಮೇಲೆ ಅಪ್ಪ, ಅಮ್ಮ, ಅಜ್ಜಿ, ಸಿಂಚನ ಹೀಗೆ ಒಬ್ಬೊಬ್ಬರ ಬದಿಯಿಂದ ಸಾಗುತ್ತವೆ. ಸಿಂಚನಳ ಪಾಲಿಗೆ ಐದು ಅಧ್ಯಾಯ. ಉಳಿದ ಮೂವರೂ ಮೊದಲ ಓದಿನಲ್ಲೇ ಕಣ್ಣಿಗೆ ಕಟ್ಟುವಂತಿದ್ದರು. ಅಜ್ಜಿಯಂತೂ ಅಟ್ಟದ ಕಾಯಿ ಅಲ್ಲಾಡಿಸಿ ಕಿವಿಗೊಡುವ ಒಂದೇ ಪುಟದಲ್ಲಿ ಪೂರ್ತಿ ಬಂದುಬಿಟ್ಟಿದ್ದಳು.

ತೊಡಕು

ಸಿಂಚನ ಮಾತ್ರ ಬಂದಿರಲಿಲ್ಲ. ಟಿವಿ ಭಾಷಣದ ದೃಶ್ಯದಲ್ಲಿ ಮನೆಯವರೆಲ್ಲ ದಿಗ್ಭ್ರಮೆಯಿಂದ ಕೂತಿರುವಾಗ ಅವಳು ಕೇಳುತ್ತಾಳೆ: “ಅಪ್ಪಾ, ಹಂಗಾದ್ರೆ ನೋಟಿನ ಮೇಲಿರೋ ಗಾಂಧಿ ತಾತನೂ ಸುಳ್ಳಾ?” ದೊಡ್ಡವರು ಉತ್ತರವಿಲ್ಲದೆ ತಲೆ ತಗ್ಗಿಸುತ್ತಾರೆ, ಅಧ್ಯಾಯ ಮುಗಿಯುತ್ತದೆ.

ಆ ಮಾತು ಪ್ರಬಂಧವೊಂದರಲ್ಲಿ ಚೆನ್ನಾಗಿ ಕೂರುತ್ತದೆ. ಹೇಳುತ್ತಿರುವುದು ಲೇಖಕಿ, ಮಗುವಿನ ಬಾಯಿ ಎರವಲು ಅಷ್ಟೆ. ಹಸ್ತಪ್ರತಿಯಲ್ಲಿ ಇಂಥ ಸಾಲುಗಳಿಗೆಲ್ಲ ಪೆನ್ಸಿಲ್ ಗುರುತು ಹಾಕುತ್ತ ಹೋದೆ. ಸಿಂಚನ ಬಾಯಿ ತೆರೆದಾಗಲೆಲ್ಲ ಒಂದೋ ದೊಡ್ಡವರ ಮನಸ್ಸಾಕ್ಷಿಯನ್ನು ಚುಚ್ಚುತ್ತಿದ್ದಳು, ಇಲ್ಲವೇ ಕಥೆಗೆ ಬೇಕಾದ ಒಂದು ಮಾಹಿತಿಯನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುತ್ತಿದ್ದಳು. ಅಮ್ಮನ ಗುಟ್ಟು ಬಯಲಾಗುವುದೂ ಹಾಗೆಯೇ. ಅಪ್ಪ ಚಿಂತೆಯಲ್ಲಿ ಕೂತಿರುವಾಗ ಮಡಿಲೇರಿ, “ಅಳಬೇಡ ಅಪ್ಪ, ಅಮ್ಮ ನಮಗೋಸ್ಕರ ಮೆಂತ್ಯದ ಡಬ್ಬೀಲಿ ದುಡ್ಡು ಇಟ್ಟಿದ್ದಾಳೆ” ಅನ್ನುತ್ತಾಳೆ. ಕಾದಂಬರಿಯ ಅತಿ ದೊಡ್ಡ ಘಟನೆ ಇಷ್ಟು ಸಲೀಸಾಗಿ ನಡೆದುಹೋಗುತ್ತಿತ್ತು.

ಇನ್ನೊಂದು ತೊಂದರೆ ಕಾಲದ್ದು. ಸಿಂಚನ ಹುಟ್ಟಿದ್ದು 2009ರಲ್ಲಿ. ಅವಳ ದಿನಚರಿ ಮಾತ್ರ ಲೇಖಕಿಯ ಬಾಲ್ಯದ ದಿನಚರಿ. ಸ್ಲೇಟು, ಬಳಪ, ಸಗಣಿ ಸಾರಿಸಿದ ಶಾಲೆ, ಸಂಜೆ ಕುಂಟೆಬಿಲ್ಲೆ. ತಿಪಟೂರಿನ ಸುತ್ತ ಒಂದಿಷ್ಟು ಅನುಕೂಲವಿರುವ ವ್ಯಾಪಾರಸ್ಥರ ಮಗಳು ಆ ಹೊತ್ತಿಗೆ ವ್ಯಾನಿನಲ್ಲಿ ಕಾನ್ವೆಂಟಿಗೆ ಹೋಗುತ್ತಾಳೆ, ಕೊರಳಲ್ಲಿ ಐಡಿ ಕಾರ್ಡು, ಬ್ಯಾಗಿನಲ್ಲಿ ಡೈರಿ. ಸಂಜೆ ಚಿಂಟು ಟಿವಿ, ಅಪ್ಪ ಮಲಗಿದ್ದರೆ ಅಪ್ಪನ ಮೊಬೈಲು. ಇದು ಲೇಖಕಿಗೆ ಗೊತ್ತಿಲ್ಲದ್ದೇನಲ್ಲ, ಅವರ ಅಕ್ಕನ ಮೊಮ್ಮಕ್ಕಳು ಹಾಗೆಯೇ ಬೆಳೆಯುತ್ತಿದ್ದಾರೆ. ಬರೆಯಲು ಕೂತಾಗ ಮಾತ್ರ ‘ಮಗು’ ಎಂದರೆ ತಾವೇ ಆಗಿದ್ದ ಮಗು ಎದ್ದು ಬರುತ್ತಿತ್ತು. ನಮ್ಮಲ್ಲಿ ಬಹಳ ಜನರ ಬರವಣಿಗೆಯಲ್ಲಿ ಇದನ್ನು ಕಾಣುತ್ತೇನೆ. ತನ್ನ ಬಾಲ್ಯದ ನೆನಪಿನ ಮೇಲೆ ಪ್ರೀತಿ ಎಷ್ಟಿರುತ್ತದೆಂದರೆ, ಎದುರಿಗಿರುವ ಪಾತ್ರವೂ ಅದನ್ನೇ ಬಾಳಬೇಕೆನಿಸುತ್ತದೆ.

ಮೊದಲ ಪ್ರಯತ್ನಗಳು

ಕಾಲದ ತಪ್ಪು ತಿದ್ದುವುದು ಕಷ್ಟವಾಗಲಿಲ್ಲ. ಸ್ಲೇಟು ಹೋಯಿತು, ವ್ಯಾನು ಬಂತು. ಆದರೂ ಹುಡುಗಿ ಉಸಿರಾಡಲಿಲ್ಲ.

ಮಾತು ತೀರ ಪ್ರೌಢವಾಯಿತು ಎಂದು ನಾನು ಅಂದದ್ದಕ್ಕೆ ಲೇಖಕಿ ಮೊದಲು ಮಾಡಿದ್ದು ತೊದಲು ಸೇರಿಸುವುದು. ಮುಂದಿನ ಕರಡಿನಲ್ಲಿ ಸಿಂಚನ ‘ರ’ ಬದಲು ‘ಲ’ ಅನ್ನುತ್ತಿದ್ದಳು, ಕ್ರಿಯಾಪದ ತಪ್ಪುತ್ತಿದ್ದಳು. ಏಳು ವರ್ಷದ ಮಗು ಮೂರು ವರ್ಷದ್ದಾಗಿ ಕಂಡಿತು. ಏಳರ ಹೊತ್ತಿಗೆ ಮನೆಮಾತಿನ ವ್ಯಾಕರಣ ಮಕ್ಕಳ ನಾಲಿಗೆಗೆ ಚೆನ್ನಾಗಿ ಹತ್ತಿರುತ್ತದೆ. ಸಿಂಚನಳ ವಯಸ್ಸಿನವರು ಎಡವುವುದು ಬೇರೆ ಕಡೆ: ನೆಂಟಸ್ತಿಕೆ ಬಿಡಿಸುವುದರಲ್ಲಿ, ಎಷ್ಟು ಹಿಂದೆ ಎಷ್ಟು ಮುಂದೆ ಎಂಬ ಕಾಲದ ಅಂದಾಜಿನಲ್ಲಿ, ದೊಡ್ಡವರು ಹೇಳಿದ್ದರ ಹಿಂದಿನ ವ್ಯಂಗ್ಯದಲ್ಲಿ. ಚಿಕ್ಕ ಮಕ್ಕಳ ವ್ಯಾಕರಣದ ತಪ್ಪಿಗೂ ಒಂದು ಕ್ರಮವಿದೆ. 1958ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಜೀನ್ ಬರ್ಕೊ ಮಕ್ಕಳಿಗೆ ಎಲ್ಲೂ ಇಲ್ಲದ ಪ್ರಾಣಿಯೊಂದರ ಚಿತ್ರ ತೋರಿಸಿ, ಅದಕ್ಕೊಂದು ಹುಸಿ ಹೆಸರಿಟ್ಟು, ಎರಡಿದ್ದರೆ ಏನನ್ನುತ್ತೀರಿ ಎಂದು ಕೇಳಿದ್ದರು. ಹಿಂದೆಂದೂ ಕೇಳದ ಪದಕ್ಕೂ ಮಕ್ಕಳು ಸರಿಯಾದ ಬಹುವಚನ ಹಚ್ಚಿದರು. ಮಕ್ಕಳು ಬರೀ ಕೇಳಿದ್ದನ್ನು ಒಪ್ಪಿಸುವುದಿಲ್ಲ, ನಿಯಮವನ್ನೇ ಹಿಡಿದಿರುತ್ತಾರೆ ಎಂದು ಅದರಿಂದ ತಿಳಿಯಿತು. ಹಾಗಾಗಿ “ಅಜ್ಜಿ ಕೊಡಿದ್ಲು” ಎನ್ನುವ ಮಗು ತಪ್ಪುತ್ತಿರುವುದು ನಿಯಮವನ್ನು ನಂಬಿದ್ದರಿಂದ. ಆ ಮಾತನ್ನು ಪುನಿಗೆ ಕೊಟ್ಟೆವು. ಅವನಿಗೆ ಅದು ಒಪ್ಪಿತು, ಅಕ್ಕ ಅವನನ್ನು ತಿದ್ದುವ ಗತ್ತೂ ಕಥೆಗೆ ಸಿಕ್ಕಿತು.

ಎರಡನೆಯ ಪ್ರಯತ್ನದಲ್ಲಿ ಸಿಂಚನ ಮೂಕಿಯಾದಳು. ಬಾಗಿಲ ಸಂದಿಯಿಂದ ನೋಡುತ್ತಾಳೆ, ಕಂಬದ ಮರೆಯಲ್ಲಿ ನಿಲ್ಲುತ್ತಾಳೆ, ಎಲ್ಲವನ್ನೂ ದೊಡ್ಡ ಕಣ್ಣುಗಳಲ್ಲಿ ತುಂಬಿಕೊಳ್ಳುತ್ತಾಳೆ. ಇದಕ್ಕೆ ಲೇಖಕಿ ಅನಂತಮೂರ್ತಿಯವರ ಕಥೆ ಆಧರಿಸಿ ಗಿರೀಶ್ ಕಾಸರವಳ್ಳಿ 1977ರಲ್ಲಿ ಮಾಡಿದ ‘ಘಟಶ್ರಾದ್ಧ’ವನ್ನು ನೆನಪಿಸಿದರು. ಅಲ್ಲಿ ಯಮುನಕ್ಕನ ದುರಂತವನ್ನೆಲ್ಲ ನಾವು ನಾಣಿ ಎಂಬ ಹುಡುಗನ ಬದಿಯಲ್ಲಿ ನಿಂತೇ ನೋಡುತ್ತೇವಲ್ಲ, ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತದಲ್ಲ ಎಂಬುದು ಅವರ ವಾದ. ನಿಜ. ಆದರೆ ನಾಣಿ ಬರೀ ಕಣ್ಣಲ್ಲ. ಮನೆ ಬಿಟ್ಟು ಪಾಠಶಾಲೆಗೆ ಬಂದ, ಊರಿನ ಹಂಬಲದಲ್ಲಿರುವ, ದೊಡ್ಡ ಹುಡುಗರಿಗೆ ಹೆದರುವ ಹುಡುಗ. ಅವನಿಗೆ ಯಮುನಕ್ಕ ಬೇಕು. ಆ ಬೇಕಿನಿಂದಲೇ ಅವನು ಅವಳ ಸೆರಗು ಹಿಡಿದು ಹೋಗುತ್ತಾನೆ, ಹೋದದ್ದರಿಂದಲೇ ನೋಡುತ್ತಾನೆ. ನಮ್ಮ ಸಿಂಚನಳಿಗೆ ಏನೂ ಬೇಡವಾಗಿತ್ತು. ನೋಡುವುದಷ್ಟೇ ಅವಳ ಉದ್ಯೋಗ.

ಮೂರನೆಯದು ನಿಜಮಕ್ಕಳ ಮಾತುಗಳ ಸಂಗ್ರಹ. ಅಕ್ಕನ ಮೊಮ್ಮಕ್ಕಳು ಆಡಿದ್ದನ್ನು ಲೇಖಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡು ಅಲ್ಲಲ್ಲಿ ಪೋಣಿಸಿದರು. ಒಂದೊಂದೂ ಮುದ್ದಾಗಿತ್ತು, ಒಂದೊಂದೂ ಸತ್ಯವಾಗಿ ಆಡಿದ ಮಾತು. ಕಾದಂಬರಿಯಲ್ಲಿ ಅವು ಮನೆಗೆ ಬಂದ ನೆಂಟರ ಮುಂದೆ ಮಗುವಿನಿಂದ ಪದ್ಯ ಹೇಳಿಸಿದ ಹಾಗೆ ಕೇಳಿಸಿದವು. ನಮಗೆ ನೆನಪಿನಲ್ಲಿ ಉಳಿಯುವ ಮಕ್ಕಳ ಮಾತು ನಮ್ಮನ್ನು ನಗಿಸಿದ ಮಾತು, ಆದ್ದರಿಂದಲೇ ಬರೆದಿಟ್ಟುಕೊಂಡಿರುತ್ತೇವೆ. ದಿನವಿಡೀ ಮಗು ಆಡುವ ಉಳಿದೆಲ್ಲ ಮಾತು ಯಾರ ನೋಟ್‌ಬುಕ್ಕಿಗೂ ಸೇರುವುದಿಲ್ಲ: “ನಂದು ಅದು”, “ಅವ್ನು ಮೊದ್ಲು ಮಾಡಿದ್ದು”, “ಇನ್ನೊಂದ್ ಸಲ”, “ನಂಗೆ ಬೇಡ ಅಂದ್ನಲ್ಲ.”

ತಿರುವು

ಈ ಹಂತದಲ್ಲಿ ಮಾತನ್ನು ತಿದ್ದುವುದನ್ನೇ ಬಿಟ್ಟೆವು. ನಾನು ಲೇಖಕಿಯನ್ನು ಒಂದು ಪ್ರಶ್ನೆ ಕೇಳಿದೆ. ನವೆಂಬರ್ 9, ಬುಧವಾರ ಬೆಳಿಗ್ಗೆ. ಬ್ಯಾಂಕು ಮುಚ್ಚಿದೆ, ಎಟಿಎಂ ಮುಚ್ಚಿದೆ. ಅಪ್ಪ ಫೋನಿನಲ್ಲಿ ಕಿರುಚುತ್ತಿದ್ದಾನೆ, ಅಮ್ಮನಿಗೆ ಒಲೆಯ ಮೇಲೆ ಏನಿದೆಯೆಂಬ ಪರಿವೆಯಿಲ್ಲ. ಯಾರೂ ಸಿಂಚನಳ ಕಡೆ ನೋಡುತ್ತಿಲ್ಲ. ಆ ಹೊತ್ತಿನಲ್ಲಿ ಅವಳಿಗೆ ಏನು ಬೇಕು?

ಲೇಖಕಿ ತಕ್ಷಣ ಹೇಳಿದ್ದು, “ಅಪ್ಪ ಅಮ್ಮ ಸರಿ ಇರಬೇಕು ಅಂತ.” ಅದು ನಮಗೆ ಬೇಕಾದದ್ದು. ಏಳು ವರ್ಷದವಳಿಗೂ ಆಳದಲ್ಲಿ ಅದು ಬೇಕಿರಬಹುದು, ಆದರೆ ಬುಧವಾರ ಬೆಳಿಗ್ಗೆ ಏಳೂವರೆಗೆ ಕೈ ಯಾವುದರ ಕಡೆ ಚಾಚುತ್ತದೆ ಎಂಬುದು ಬೇರೆ ವಿಷಯ. ಉತ್ತರ ಸಿಗಲಿಲ್ಲ. ಲೇಖಕಿ ಅಕ್ಕನ ಮನೆಗೆ ಹೋಗಿ ಉಳಿದುಕೊಂಡರು. ಈ ಸಲ ನೋಟ್‌ಬುಕ್ಕು ಒಯ್ಯಲಿಲ್ಲ. ಹೋಂವರ್ಕು ಮಾಡುವ ಮಕ್ಕಳ ಪಕ್ಕದಲ್ಲಿ ಸೊಪ್ಪು ಸೋಸುತ್ತ ಕೂತಿದ್ದರಂತೆ, ಪ್ರಶ್ನೆ ಕೇಳದೆ. ಮಕ್ಕಳು ಅವರನ್ನು ಮರೆತರು.

ಅಲ್ಲಿ ಕಂಡದ್ದು: ಪೆನ್ಸಿಲ್ ಹೆರೆದ ಸಿಪ್ಪೆಯನ್ನು ಇಬ್ಬರೂ ಚೆಲ್ಲುತ್ತಿರಲಿಲ್ಲ. ಜಾಮಿಟ್ರಿ ಬಾಕ್ಸಿನ ಮೂಲೆಯಲ್ಲಿ ಒತ್ತಿ ತುಂಬುತ್ತಿದ್ದರು. ಯಾಕೆ ಎಂದರೆ, ಹಾಲಿನಲ್ಲಿ ನೆನೆಸಿ ಮುಚ್ಚಿಟ್ಟರೆ ರಬ್ಬರ್ ಆಗುತ್ತದೆ. ಯಾರು ಹೇಳಿದರು? ಕ್ಲಾಸಲ್ಲಿ ಎಲ್ಲರಿಗೂ ಗೊತ್ತು.

ಲೇಖಕಿ ನನಗೆ ಫೋನ್ ಮಾಡಿದಾಗ ಅವರ ದನಿಯೇ ಬೇರೆ. “ಏನ್ರೀ, ಇದು ನಾವೂ ಮಾಡ್ತಿದ್ವಿ ಕಣ್ರೀ! ನಮ್ಮಮ್ಮಂಗೂ ಗೊತ್ತಿರ್ಲಿಲ್ಲ, ಟೀಚರ್‌ಗೂ ಗೊತ್ತಿರ್ಲಿಲ್ಲ. ಈ ಮಕ್ಕಳಿಗೆ ಹೆಂಗ್ ಬಂತು?” ಮಕ್ಕಳಿಂದ ಮಕ್ಕಳಿಗೆ, ದೊಡ್ಡವರ ಕೈಗೆ ಸಿಗದೆ ದಾಟುವ ಇಂಥ ತಿಳಿವಳಿಕೆಯ ರಾಶಿಯೇ ಇದೆ. ಇಂಗ್ಲೆಂಡಿನ ಅಯೋನಾ ಮತ್ತು ಪೀಟರ್ ಓಪಿ ದಂಪತಿ ಶಾಲಾ ಮಕ್ಕಳಿಂದಲೇ ಅದನ್ನು ಕಲೆಹಾಕಿ 1959ರಲ್ಲಿ ಪ್ರಕಟಿಸಿದ್ದರು. ನಮ್ಮಲ್ಲಿ ಪುಸ್ತಕದ ನಡುವೆ ನವಿಲುಗರಿ ಇಟ್ಟರೆ ಮರಿ ಹಾಕುತ್ತದೆ ಎಂದು ನಂಬಿ ದಿನಾ ತೆರೆದು ನೋಡದವರು ಯಾರಿದ್ದಾರೆ? ಲೇಖಕಿಯ ಬಾಲ್ಯದಿಂದ 2016ಕ್ಕೆ ಸುಳ್ಳಾಗದೆ ದಾಟಿ ಬರಬಲ್ಲ ಒಂದು ವಸ್ತು ಹೀಗೆ ಸಿಕ್ಕಿತು.

ಸಿಂಚನಳಿಗೆ ಈಗ ಒಂದು ಕೆಲಸವಿತ್ತು. ಒಂದು ಜಾಮಿಟ್ರಿ ಬಾಕ್ಸಿನಷ್ಟು ಸಿಪ್ಪೆ ಅವಳಲ್ಲಿದೆ. ಹಾಲು ಫ್ರಿಜ್ಜಿನಲ್ಲಿದೆ. ಬೇಕಿರುವುದು ಬಿಗಿ ಮುಚ್ಚಳದ ಒಂದು ಡಬ್ಬಿ, ಪುನಿ ತೆಗೆಯಲು ಆಗದಂಥದ್ದು. ಅಡುಗೆಮನೆಯಲ್ಲಿ ಅಂಥ ಡಬ್ಬಿ ಒಂದೇ ಇದೆ, ಮೆಂತ್ಯದ್ದು.

ಆ ಅಧ್ಯಾಯ ಲೇಖಕಿಯ ಕೈಯಿಂದ ಒಂದೇ ಓಟದಲ್ಲಿ ಬಂತು. ಅದರ ಸ್ವಲ್ಪ ಭಾಗವನ್ನು ಅವರ ಅನುಮತಿಯಿಂದ ಕೊಡುತ್ತೇನೆ:

“ಮುಚ್ಚಳ ಹೊಟ್ಟೆಗೊತ್ತಿ ತಿರುವಿದಳು. ಬಂತು. ‘ಮೊದ್ಲು ಮೆಂತ್ಯ. ಮೆಂತ್ಯ ಲೋಟಕ್ಕೆ.’ ಲೋಟಕ್ಕೆ ಸುರಿದಳು, ಒಂದಷ್ಟು ಕಟ್ಟೆಯ ಮೇಲೂ ಬಿತ್ತು. ಕೆಳಗೆ ಕರ್ಚೀಪು. ಕರ್ಚೀಪಿನೊಳಗೆ ದುಡ್ಡು. ಮೂಗಿಗೆ ಹಿಡಿದಳು, ಮೆಂತ್ಯದ್ದೇ ವಾಸನೆ. ‘ದುಡ್ಡು ಇಲ್ಲಿಡಬಾರದು.’ ನಡುಮನೆಯಲ್ಲಿ ಗಲ್ಲಾಪೆಟ್ಟಿಗೆ ಬಾಯಿ ತೆರೆದು ಮಂಚದ ಮೇಲಿತ್ತು, ಅಪ್ಪ ಹೊರಗೆ ಫೋನಲ್ಲಿ. ಕರ್ಚೀಪು ಬಿಚ್ಚಿ, ದುಡ್ಡನ್ನು ದುಡ್ಡಿನ ಜೊತೆಗಿಟ್ಟು, ಓಡಿ ಬಂದಳು. ವ್ಯಾನು ಬರುವ ಹೊತ್ತಾಗಿತ್ತು, ಹಾಲು ಇನ್ನೂ ಹಾಕಿರಲಿಲ್ಲ.”

ಇಲ್ಲಿ ಗಮನಿಸಬೇಕಾದ್ದು ಗಲ್ಲಾಪೆಟ್ಟಿಗೆ. ಯಾರಿಗೂ ಒಳ್ಳೆಯದನ್ನಾಗಲಿ ಕೆಟ್ಟದನ್ನಾಗಲಿ ಮಾಡಬೇಕೆಂದು ಅವಳು ದುಡ್ಡನ್ನು ಅಲ್ಲಿಡುವುದಿಲ್ಲ. ಆ ಮನೆಯಲ್ಲಿ ದುಡ್ಡಿನ ಜಾಗ ಅದು. ಅಂಗಡಿಯಿಂದ ಬಂದ ಚಿಲ್ಲರೆಯನ್ನು “ಹೋಗಮ್ಮಿ, ಪೆಟ್ಟಿಗೇಲಿ ಹಾಕು” ಎಂದು ಅಪ್ಪ ಎಷ್ಟೋ ಸಲ ಅವಳ ಕೈಯಲ್ಲೇ ಹಾಕಿಸಿದ್ದಾನೆ. ಅಮ್ಮನದು, ಅಪ್ಪನದು ಎಂದು ದುಡ್ಡು ಬೇರೆ ಬೇರೆ ಇರಬಹುದು ಎಂಬುದೇ ಅವಳಿಗೆ ಗೊತ್ತಿಲ್ಲ. ಆ ಮನೆಯ ಗಂಡ ಹೆಂಡತಿಯ ನಡುವಿನ ಅಂತರವನ್ನು ಇಪ್ಪತ್ತು ಪುಟದ ಸಂಭಾಷಣೆ ತೋರಿಸದಷ್ಟು ಅವಳ ಈ ಅಚ್ಚುಕಟ್ಟುತನ ತೋರಿಸಿತು. ಗುಟ್ಟು ಬಯಲಾಗುವ ದಾರಿಯೂ ಬದಲಾಯಿತು. ಶಿವಣ್ಣ ಎಣಿಸುತ್ತಾನೆ, 38,000 ಹೆಚ್ಚು ಬರುತ್ತದೆ. ಮತ್ತೆ ಎಣಿಸುತ್ತಾನೆ. ಮೊದಲು ಅನುಮಾನ ಬೀಳುವುದು ಲೆಕ್ಕ ಬರೆಯುವ ಹುಡುಗನ ಮೇಲೆ. ಹೆಂಡತಿಯ ನೆನಪು ಅವನಿಗೆ ಬಹಳ ತಡವಾಗಿ ಬರುತ್ತದೆ.

ಮಗು ತನಗೆ ತಾನೇ ಹೇಳಿಕೊಳ್ಳುವ ಸಾಲುಗಳ ಬಗ್ಗೆಯೂ ಒಂದು ಮಾತು. ಕೆಲಸ ಕಷ್ಟದ್ದಾದಾಗ ಮಕ್ಕಳು ತಮ್ಮಷ್ಟಕ್ಕೆ ಗಟ್ಟಿಯಾಗಿ ಮಾತಾಡಿಕೊಂಡು ಕೈಯನ್ನು ನಡೆಸುತ್ತಾರೆ, ಬರಬರುತ್ತಾ ಆ ಮಾತು ಒಳಗಿನ ಯೋಚನೆಯಾಗುತ್ತದೆ ಎಂದು ರಷ್ಯಾದ ಮನಃಶಾಸ್ತ್ರಜ್ಞ ವೈಗಾಟ್ಸ್ಕಿ ಹೇಳಿದ್ದರು. ಏಳರ ಹೊತ್ತಿಗೆ ಅದು ಪಿಸುಮಾತಿನ ಮಟ್ಟಕ್ಕೆ ಇಳಿದಿರುತ್ತದೆ. ಲೇಖಕಿಗೆ ಇದು ದೊಡ್ಡ ಅನುಕೂಲವಾಯಿತು. ಮನಸ್ಸಿನೊಳಗಿನ ಭಾವಗೀತೆ ಬರೆಯದೆಯೇ, ಕೈ ಮಾಡುವ ಕೆಲಸದ ಜೊತೆ ತುಂಡು ತುಂಡಾಗಿ ಬರುವ ಮಾತಿನಲ್ಲೇ ಅವಳ ಯೋಚನೆ ಕಾಣಿಸಿತು.

ಒಳ್ಳೆಯ ಹುಡುಗಿಯ ಪ್ರಶ್ನೆ

ಇಷ್ಟಕ್ಕೆ ಎಲ್ಲ ಸುಸೂತ್ರವಾಗಲಿಲ್ಲ. ಅಧ್ಯಾಯ ಓದಿ ಸಂತೋಷಪಟ್ಟ ಮೇಲೆ ಒಂದು ಸಂಶಯ ಹುಟ್ಟಿತು, ಅದನ್ನು ಎತ್ತಿದವರು ಲೇಖಕಿಯೇ. ಏಳು ವರ್ಷದವಳಿಗೆ ಅಮ್ಮ ಡಬ್ಬಿಯಲ್ಲಿ ಹುಡುಕುತ್ತಾಳೆ ಎಂದು ಹೊಳೆಯುವುದಿಲ್ಲವೇ?

ಹೊಳೆಯುತ್ತದೆ. ಇದೇ ಬಗೆಯ ಸನ್ನಿವೇಶದ ಮೇಲೆ ಮನಃಶಾಸ್ತ್ರದಲ್ಲಿ ಪ್ರಸಿದ್ಧ ಪ್ರಯೋಗವೊಂದಿದೆ. 1983ರಲ್ಲಿ ವಿಮ್ಮರ್ ಮತ್ತು ಪೆರ್ನರ್ ಮಕ್ಕಳಿಗೆ ಒಂದು ಕಥೆ ತೋರಿಸಿದರು. ಹುಡುಗನೊಬ್ಬ ಚಾಕೊಲೇಟನ್ನು ಒಂದು ಕಪಾಟಿನಲ್ಲಿಟ್ಟು ಹೊರಗೆ ಹೋಗುತ್ತಾನೆ, ಅವನಿಲ್ಲದಾಗ ಅಮ್ಮ ಅದನ್ನು ಬೇರೆ ಕಪಾಟಿಗೆ ಇಡುತ್ತಾಳೆ. ಹುಡುಗ ವಾಪಸು ಬಂದು ಎಲ್ಲಿ ಹುಡುಕುತ್ತಾನೆ? ಮೂರು ವರ್ಷದವರು ಬಹುಮಟ್ಟಿಗೆ, ಈಗ ಎಲ್ಲಿದೆಯೋ ಅಲ್ಲೇ ಎನ್ನುತ್ತಾರೆ. ತಮಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ ಎಂಬುದು ಅವರ ಕೈಗೆ ಇನ್ನೂ ಹತ್ತಿರುವುದಿಲ್ಲ. ನಾಲ್ಕೈದು ದಾಟುತ್ತ ಹೆಚ್ಚಿನ ಮಕ್ಕಳು ಸರಿಯಾಗಿ ಹೇಳುತ್ತಾರೆ. ಎಂದಮೇಲೆ ಪುನಿಗೆ ಹೊಳೆಯದ್ದು ಸಿಂಚನಳಿಗೆ ಹೊಳೆಯಲೇಬೇಕು. ಹೊಳೆದ ಮೇಲೆ ಅವಳು ಏನಾದರೂ ಮಾಡಬೇಕು.

ಬೆಳಿಗ್ಗೆಯ ಗಡಿಬಿಡಿಯಲ್ಲಿ ಅವಳ ತಲೆಯಲ್ಲಿ ಸಿಪ್ಪೆ ಮತ್ತು ಹಾಲು ಬಿಟ್ಟು ಬೇರೇನಿಲ್ಲ. ಅದನ್ನು ಹಾಗೇ ಇಟ್ಟೆವು. ಹೊಳೆಯುವುದು ಸ್ಕೂಲಿನಲ್ಲಿ, ಇಂಗ್ಲಿಷ್ ಡಿಕ್ಟೇಶನ್ ನಡುವೆ. ಮಿಸ್ ‘ಕಿಚನ್’ ಎಂಬ ಪದ ಹೇಳುತ್ತಾರೆ, ಇವಳಿಗೆ ಹೊಟ್ಟೆಯಲ್ಲಿ ಏನೋ ಜಾರಿದ ಹಾಗಾಗುತ್ತದೆ, ಮುಂದಿನ ಎರಡು ಪದ ತಪ್ಪಿಹೋಗುತ್ತವೆ. ಊಟದ ಹೊತ್ತಿಗೆ ಎಲ್ಲ ಮರೆತು, ಹೊಸ ನೋಟಿನಲ್ಲಿ ಚಿಪ್ ಇದೆಯಂತೆ, ನೆಲದಡಿ ಹೂತರೂ ಪೊಲೀಸರಿಗೆ ಗೊತ್ತಾಗುತ್ತದಂತೆ ಎಂದು ಹೇಳುವ ಹುಡುಗನ ಜೊತೆ ಜಗಳಕ್ಕೆ ನಿಲ್ಲುತ್ತಾಳೆ. ವ್ಯಾನಿನಲ್ಲಿ ಮತ್ತೆ ನೆನಪಾಗುತ್ತದೆ. ದೊಡ್ಡವರ ಚಿಂತೆ ಇಡೀ ದಿನ ಕೂತಲ್ಲೇ ಕೂರುತ್ತದೆ, ಮಕ್ಕಳದ್ದು ಬಂದು ಹೋಗಿ ಮಾಡುತ್ತದೆ. ಈ ಏರಿಳಿತ ಬರೆದದ್ದರಿಂದ ಅವಳ ಭಯ ಹೆಚ್ಚು ನಿಜವಾಯಿತು.

ಮನೆಗೆ ಬಂದ ಮೇಲೆ ಏನು? ಲೇಖಕಿಯ ಕರಡಿನಲ್ಲಿ ಅವಳು ಅಮ್ಮನನ್ನು ತಬ್ಬಿ ಎಲ್ಲ ಹೇಳಿಬಿಡುತ್ತಿದ್ದಳು. ಅಲ್ಲಿಗೆ ಕಾದಂಬರಿ ಸಪ್ಪಗಾಗುತ್ತಿತ್ತು. ನನ್ನ ಅಭಿಪ್ರಾಯ: ಅವಳು ಹೇಳುವುದಿಲ್ಲ. ಹೇಳಿದರೆ ಹಾಲು ಕದ್ದದ್ದು ಗೊತ್ತಾಗುತ್ತದೆ, ಡಬ್ಬಿ ತೆಗೆಯುತ್ತಾರೆ, ಆಗುತ್ತಿರುವ ರಬ್ಬರ್ ಹೋಗುತ್ತದೆ. ಮರುದಿನ ಬ್ಯಾಂಕು ತೆರೆಯುತ್ತದೆ. ಜಯಮ್ಮ, ಮಗಳು ಬಚ್ಚಿಟ್ಟ ಡಬ್ಬಿಗಾಗಿ ಅಡುಗೆಮನೆಯನ್ನೆಲ್ಲ ಕಿತ್ತುಹಾಕುವಾಗ ಈ ಹುಡುಗಿ ಬಾಗಿಲಲ್ಲೇ ನಿಂತು, “ನಂಗೊತ್ತಿಲ್ಲಮ್ಮ” ಅನ್ನುತ್ತಾಳೆ.

ಇದನ್ನು ಲೇಖಕಿ ಸುಲಭದಲ್ಲಿ ಒಪ್ಪಲಿಲ್ಲ. “ನನ್ನ ಸಿಂಚನಾನ ಕಳ್ಳಿ ಮಾಡ್ತೀರಲ್ರೀ” ಎಂದರು. ಅವರ ಸಂಕಟ ನನಗೆ ಅರ್ಥವಾಗುತ್ತಿತ್ತು. ದೊಡ್ಡವರ ಕಾದಂಬರಿಯಲ್ಲಿ ಮಗುವಿಗೆ ಸಾಮಾನ್ಯವಾಗಿ ಸಿಗುವ ಪಾಲು ನಿಷ್ಪಾಪತನ. ಎಲ್ಲರೂ ಕೆಟ್ಟಾಗ ಕೆಡದೆ ಉಳಿದದ್ದು ಎಂದು ತೋರಿಸಲು ಅದನ್ನು ಅಲ್ಲಿಟ್ಟಿರುತ್ತೇವೆ. ಸುಳ್ಳು ಹೇಳಬಲ್ಲ ಮಗುವನ್ನು ಬರೆದರೆ ಮಗುವಿಗೆ ಅನ್ಯಾಯ ಮಾಡಿದಂತೆ ತೋರುತ್ತದೆ. ನಾನಂತೂ ಇದಕ್ಕೆ ತದ್ವಿರುದ್ಧ ನಂಬುತ್ತೇನೆ. ಸುಳ್ಳು ಹೇಳಲಾರದ ಏಳು ವರ್ಷದ ಮಗುವನ್ನು ಬರೆದರೆ ಅದರ ಬುದ್ಧಿಯನ್ನೂ ಭಯವನ್ನೂ ಕಸಿದುಕೊಂಡಂತೆ. ಸುಳ್ಳು ಹೇಳಲು ಎದುರಿಗಿರುವವರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂದು ಅಳೆಯಬೇಕು. ಸಿಂಚನ ಅದನ್ನು ಅಳೆಯಬಲ್ಲವಳು.

ಕೆಲವು ವಾರ ಕೆಲಸ ನಿಂತಿತು. ಆಮೇಲೆ ಅವರು ಕಳಿಸಿದ ಅಧ್ಯಾಯದಲ್ಲಿ ಸಿಂಚನ ಸುಳ್ಳು ಹೇಳಿದ್ದಳು. ಜೊತೆಗೆ ನಾನು ಯೋಚಿಸಿರದ ಒಂದನ್ನೂ ಮಾಡಿದ್ದಳು. ಅಮ್ಮ ಹುಡುಕುತ್ತಿರುವಾಗ ತಾನೂ ಹುಡುಕಲು ಸೇರಿಕೊಳ್ಳುತ್ತಾಳೆ, ಮಂಚದ ಕೆಳಗೆ ತೂರಿ, ಅಕ್ಕಿಯ ಡ್ರಮ್ಮಿನ ಹಿಂದೆ ಇಣುಕಿ, “ಇಲ್ಲೂ ಇಲ್ಲಮ್ಮ” ಎಂದು ಕೂಗುತ್ತ. ಸ್ವಲ್ಪ ಹೊತ್ತಿನಲ್ಲಿ ನಿಜವಾಗಿಯೂ ಹುಡುಕುತ್ತಿರುವವಳ ಹಾಗೇ ಆಗಿಬಿಡುತ್ತಾಳೆ. ಈ ಭಾಗವನ್ನು ಓದಿದ ಮೇಲೆ ಲೇಖಕಿಗೆ ಹುಡುಗಿ ಸಿಕ್ಕಿದ್ದಾಳೆ ಎಂದು ನನಗೆ ಖಾತ್ರಿಯಾಯಿತು.

ಎತ್ತರ, ಕಾಲ, ಭಾಷೆ

ಸಣ್ಣ ತಿದ್ದುಪಡಿಗಳನ್ನು ಬೇಗ ಹೇಳಿಬಿಡುತ್ತೇನೆ. ಡಬ್ಬಿ ಮೊದಲ ಕರಡಿನಲ್ಲಿ ಮೇಲಿನ ಸಜ್ಜೆಯಲ್ಲಿತ್ತು. ನಾಲ್ಕಡಿಗೂ ಕಡಿಮೆ ಎತ್ತರದ ಹುಡುಗಿಗೆ ಅದು ಕಾಣುವುದೇ ಇಲ್ಲ, ಆದ್ದರಿಂದ ಕಟ್ಟೆಯ ಕೆಳಗಿನ ಸಾಲಿಗೆ ಇಳಿಯಿತು. ಎತ್ತರ ಹಿಡಿದ ಮೇಲೆ ವಿವರಗಳೂ ಬದಲಾದವು. ಅಪ್ಪನ ಮುಖಭಾವಕ್ಕಿಂತ ಅಪ್ಪನ ಕೈ, ಪಂಚೆಯ ಅಂಚು, ಗಲ್ಲಾಪೆಟ್ಟಿಗೆಯ ಕೆಳಗಿನ ತುಕ್ಕು ಕಂಡವು. ಕಾಲದ ಲೆಕ್ಕ ‘ಹದಿನೈದು ದಿನದ ಹಿಂದೆ’ ಎಂದಿದ್ದದ್ದು ‘ದೀಪಾವಳಿ ಪಟಾಕಿ ಉಳಿದಿದ್ದಾಗ’ ಎಂದಾಯಿತು. ನೋಟು ಬದಲಿಸಿದವರ ಬೆರಳಿಗೆ ಬ್ಯಾಂಕಿನಲ್ಲಿ ಹಚ್ಚಿದ, ಮೈಸೂರಿನ ಕಾರ್ಖಾನೆಯ ಅಳಿಸಲಾಗದ ಶಾಯಿಯನ್ನು ಪಕ್ಕದ ಮನೆಯವರ ಕೈಯಲ್ಲಿ ಕಂಡಾಗ ಅವಳು ಕೇಳುವುದು, “ಆಂಟಿ, ಓಟ್ ಯಾರಿಗ್ ಹಾಕಿದ್ರಿ?” ಎಂದು. ಈ ಮಾತೂ ಜಾಣತನದ್ದಾಗಿ ಕೇಳಿಸಬಹುದಿತ್ತು. ಅವಳಿಗೆ ಗೊತ್ತಿರುವ ಶಾಯಿ ಒಂದೇ ಎಂದು ಹಿಂದಿನ ಪುಟದಲ್ಲಿ ಬಂದಿದ್ದರಿಂದ ತಾನಾಗಿ ನಿಂತಿತು.

ಗಾಂಧಿ ತಾತನ ಸಾಲು ಹೋಯಿತು. ಅದೇ ರಾತ್ರಿ, ಅದೇ ಟಿವಿಯ ಮುಂದೆ ಸಿಂಚನ ಈಗ ಕೇಳುವುದು, “ನಾಳೆ ರಜಾನಾ?” ದೊಡ್ಡವರೆಲ್ಲ ಹೀಗೆ ಬಾಯಿ ಮುಚ್ಚಿ ಟಿವಿ ನೋಡಿದ ಮರುದಿನ ರಜೆ ಸಿಕ್ಕಿದ್ದು ಅವಳಿಗೆ ನೆನಪಿದೆ.

ನಿರೂಪಣೆಯ ಭಾಷೆಯನ್ನು ಮಗುವಿನ ಭಾಷೆ ಮಾಡಬೇಕೇ ಎಂಬುದು ಬಹಳ ಚರ್ಚೆಯಾದ ವಿಷಯ. ಬೇಡ ಎಂದು ತೀರ್ಮಾನಿಸಿದೆವು. ವಾಕ್ಯ ದೊಡ್ಡವರದ್ದೇ ಇರಲಿ, ಆದರೆ ಅವಳು ಗಮನಿಸದ್ದು ಅದರೊಳಗೆ ಬರಬಾರದು, ಅವಳಿಗೆ ತಿಳಿಯದ ತೀರ್ಪು ಬರಬಾರದು. ‘ಅಪ್ಪ ಆತಂಕಗೊಂಡಿದ್ದ’ ಎಂಬುದು ತೀರ್ಪು. ‘ಅಪ್ಪ ಎಣಿಸಿದ್ದನ್ನೇ ಎಣಿಸುತ್ತಿದ್ದ, ಬೆರಳಿಗೆ ಎಂಜಲು ಹಚ್ಚಿ ಹಚ್ಚಿ’ ಎಂಬುದು ಅವಳು ಕಂಡದ್ದು.

ಏನಾಯಿತು

ಮೂರನೆಯ ದಿನ ಡಬ್ಬಿ ನಾತ ಹೊಡೆಯಿತು, ಸಿಕ್ಕಿತು. ಜಯಮ್ಮ ಮಗಳಿಗೆ ಹೊಡೆಯುತ್ತಾಳೆ, ಆ ಕಾದಂಬರಿಯಲ್ಲಿ ಅವಳು ಕೈ ಎತ್ತುವುದು ಅದೊಂದೇ ಸಲ. ಸಿಂಚನ ತಿಳಿದುಕೊಳ್ಳುವುದು ಹಾಲು ಹಾಳುಮಾಡಿದ್ದಕ್ಕೆ ಏಟು ಬಿತ್ತೆಂದು. ಯಾರೂ ಅವಳಿಗೆ ಬಿಡಿಸಿ ಹೇಳುವುದಿಲ್ಲ. ಓದುವವರಿಗೆ ಎರಡೂ ಗೊತ್ತಿರುತ್ತದೆ.

ಕಳೆದುಕೊಂಡದ್ದೂ ಇದೆ. ಮೊದಲ ಕರಡನ್ನು ಓದಿದ್ದ ಲೇಖಕಿಯ ಆಪ್ತರಿಬ್ಬರು ಅಪ್ಪನ ಮಡಿಲಿನ ದೃಶ್ಯ ಹೋದದ್ದಕ್ಕೆ ಬೇಸರಪಟ್ಟರು, ಅದನ್ನು ಓದಿ ಅತ್ತಿದ್ದರಂತೆ. ಗುಟ್ಟು ಬಯಲಾಗುವುದು ತಡವಾದ್ದರಿಂದ ಶಿವಣ್ಣನ ಅಧ್ಯಾಯಗಳನ್ನು ಬಹುಪಾಲು ಹೊಸದಾಗಿ ಬರೆಯಬೇಕಾಯಿತು. ಲೆಕ್ಕ ಬರೆಯುವ ಹುಡುಗನಿಗೆ ಒಂದು ಕಥೆಯೇ ಹುಟ್ಟಿತು. ಒಂದು ಮಗುವಿನ ಪಾತ್ರವನ್ನು ಸರಿಪಡಿಸಲು ಹೋಗಿ ಇಡೀ ಪುಸ್ತಕ ಜರುಗಿತು. ಇದನ್ನು ಮುಂಚಿತವಾಗಿ ಹೇಳಿದರೆ ಕೆಲವರು ಹಿಂಜರಿಯುತ್ತಾರೆ, ಆದರೂ ಹೇಳಿಬಿಡುವುದು ಒಳ್ಳೆಯದು. ಮಗು ಕಥೆಯ ಅಂಚಿನಲ್ಲಿದ್ದಾಗ ಏನೂ ಜರುಗುವುದಿಲ್ಲ. ಅದಕ್ಕೊಂದು ಬೇಕು ಹುಟ್ಟಿದ ಕ್ಷಣ ಅದು ದೊಡ್ಡವರ ಬೇಕುಗಳಿಗೆ ಡಿಕ್ಕಿ ಹೊಡೆಯುತ್ತದೆ.

ಈ ಕೆಲಸದ ನಂತರ ಮಗುವಿರುವ ಹಸ್ತಪ್ರತಿ ಬಂದರೆ ಮಾತಿನ ಶೈಲಿಯನ್ನು ನಾನು ಮೊದಲು ಮುಟ್ಟುವುದಿಲ್ಲ. ಮಗು ಕಾಣಿಸಿಕೊಳ್ಳುವ ಪ್ರತಿ ದೃಶ್ಯದ ಅಂಚಿನಲ್ಲಿ, ದೊಡ್ಡವರು ಕರೆಯುವ ಮೊದಲು ಇದು ಏನು ಮಾಡುತ್ತಿತ್ತು ಎಂದು ಬರೆಯಲು ಲೇಖಕರನ್ನೇ ಕೇಳುತ್ತೇನೆ. ಉತ್ತರ ಬರೆಯಲಾಗದ ದೃಶ್ಯಗಳೇ ಸಾಮಾನ್ಯವಾಗಿ ಸುಳ್ಳಾಗಿರುವವು. ಹುಟ್ಟಿದ ವರ್ಷವನ್ನೂ ಬರೆಸುತ್ತೇನೆ, ಏಕೆಂದರೆ ‘ಚಿಕ್ಕ ಹುಡುಗಿ’ ಎಂಬುದು ವಯಸ್ಸಲ್ಲ. ಮೂರಕ್ಕೂ ಏಳಕ್ಕೂ ಇರುವ ದೂರ ಮೂವತ್ತಕ್ಕೂ ಐವತ್ತಕ್ಕೂ ಇರುವುದಕ್ಕಿಂತ ಹೆಚ್ಚು.

ಪುಸ್ತಕ ಬಂದ ಮೇಲೂ ಒಂದು ಭಾಗ ನನಗೆ ಒಪ್ಪಿಗೆಯಾಗಿಲ್ಲ. ನವೆಂಬರ್ 14ರ ಮಕ್ಕಳ ದಿನಾಚರಣೆಯ ಅಧ್ಯಾಯದಲ್ಲಿ ಫ್ಯಾನ್ಸಿ ಡ್ರೆಸ್ಸಿಗೆ ಸಿಂಚನ ಹೊಸ 2000ದ ನೋಟಾಗಿ ಗುಲಾಬಿ ಬಣ್ಣದ ಕಾಗದ ಸುತ್ತಿಕೊಂಡು ಹೋಗುತ್ತಾಳೆ. ಆ ವೇಷದ ಆಲೋಚನೆ ಅವಳದ್ದೋ, ಕಥೆಗಾರ್ತಿಯದ್ದೋ ಎಂದು ಪ್ರತಿ ಸಲ ಓದಿದಾಗಲೂ ಅನುಮಾನ ಬರುತ್ತದೆ. ಲೇಖಕಿಯ ಪ್ರಕಾರ ಅದು ಸ್ಕೂಲಿನ ಹುಡುಗನ ಜೊತೆಗಿನ ಚಿಪ್ ಜಗಳದಿಂದ ನೇರವಾಗಿ ಬಂದದ್ದು. ಹಾಗಾದರೆ ಅವಳು ಕಾಗದದೊಳಗೆ ಎಲ್ಲಾದರೂ ಒಂದು ಚಿಪ್ಪನ್ನೂ ಅಂಟಿಸಿಕೊಂಡಿರಬೇಕಿತ್ತಲ್ಲ ಎಂದು ನಾನು ಕೇಳಿದೆ. ಎರಡನೆಯ ಮುದ್ರಣಕ್ಕೆ ಆ ಪುಟವನ್ನು ಮತ್ತೆ ನೋಡೋಣ ಎಂದಿದ್ದಾರೆ.